ಶನಿವಾರದ ಮುಲಾಕಾತ್

"ಸ್ವಲ್ಪ ತಡೀರಿ ಅಕ್ಕಾರ, ಇವತ್ತ ನಮ್ಮ ಹಮಾಲಂದು ಮುಲಾಕಾತ್ ಐತಿ."

ರವಿವಾರ ಪೇಟೆಯ ಮೆಣಸಿನಕಾಯಿ ಅಂಗಡಿಯ ಸಾವಕಾರರು ಹೀಗೆಂದಾಗ ನಾನು ಕಕ್ಕಾಬಿಕ್ಕಿ. ಮುಲಾಕಾತ್ ಅಂದರೆ ಜೈಲಿನಲ್ಲಿರುವವರನ್ನು ಮನೆಯವರು ಹೋಗಿ ಕಂಡು ಮಾತಾಡಿಸುವುದು. ಪೇಟೆಯ ನಡುವೆ ಎಂಥ ಮುಲಾಕಾತ್?

ವರ್ಷದ ಖಾರಕ್ಕೆಂದು ಮೆಣಸಿನಕಾಯಿ ಕೊಂಡಿದ್ದೆ. ಚೀಲವನ್ನು ರಿಕ್ಷಾಕ್ಕೆ ಏರಿಸಲು ಆಳು ಬೇಕಿತ್ತು. ಸಾವಕಾರರು ಹಿಂದಿನ ಗೋದಾಮಿನತ್ತ ಕೈ ತೋರಿಸಿದರು. ಚೀಲಗಳ ಸಂದಿಯಲ್ಲಿ ಒಬ್ಬ ರೊಟ್ಟಿ ತಿನ್ನುತ್ತಿದ್ದ. ಎದುರಿಗೆ ಕೂತ ಹೆಂಗಸು ಅವನನ್ನೇ ನೋಡುತ್ತಿದ್ದಳು. ಘಾಟಿಗೆ ನಾನು ಸೀನಿ ಸೀನಿ ಸುಸ್ತು. ಅವರಿಬ್ಬರಿಗೆ ಅದರ ಪರಿವೆಯೇ ಇಲ್ಲ.

"ಹಳ್ಳಕ್ಕ ನೀರ ಬಂದೈತೇನ?" ಅವನು ಕೇಳಿದ.

"ಬಂದೈತಿ."

"ಹಲಸಿನ ಗಿಡಾ?"

"ಅದ ಐತಿ. ನೀ ಮೊದಲ ಉಣ್ಣ."

ಅವನು ಯಲ್ಲಪ್ಪ. ಖಾನಾಪುರದಿಂದಾಚೆ, ಕಾಡಂಚಿನ ಹಳ್ಳಿಯವನು. ಅವಳು ಹೆಂಡತಿ ನೀಲವ್ವ. ಮದುವೆಯಾದ ಹೊಸತರಲ್ಲೇ ಬಾಜೂ ಮನೆಯ ಶಂಕರನೊಂದಿಗೆ ಜಗಳವಾಯಿತು. ಎಮ್ಮೆ ಕಬ್ಬಿನೊಳಗೆ ನುಗ್ಗಿದ್ದಷ್ಟೇ ಕಾರಣ. ಯಲ್ಲಪ್ಪ ಬಡಿಗೆಯಿಂದ ಒಂದು ಪೆಟ್ಟು ಕೊಟ್ಟ. ಶಂಕರ ಮತ್ತೆ ಏಳಲಿಲ್ಲ. ಕಪ್ಪು ಕೂದಲಲ್ಲಿ ಜೈಲಿಗೆ ಹೋದ ಯಲ್ಲಪ್ಪ ನರೆತ ತಲೆಯೊಂದಿಗೆ ಹೊರಗೆ ಬಂದ.

ಬಂದವನು ಊರಿಗೆ ಹೋಗಲಿಲ್ಲ.

"ಹ್ಯಾಂಗ ಹೋಗ್ಲಿ ಅಕ್ಕಾ? ಎರಡೂ ಮನಿಗೆ ನಡಬರಕ ಒಂದ ಗ್ವಾಡಿ. ಶಂಕರನ ಹೇಣ್ತಿ ಪಾರವ್ವ ದಿನಾ ಬಾಗಿಲದಾಗ ಕುಂದರ್ತಾಳ. ಆಕಿ ಮುಂದ ಹಾದು ನಾ ಒಳಗ ಹೋಗ್ಲಿ?"

ಹಾಗಾಗಿ ಈ ಗೋದಾಮು. ಹಗಲು ಹಮಾಲಿ, ರಾತ್ರಿ ಚೀಲಗಳ ಮೇಲೆ ನಿದ್ದೆ. ಶನಿವಾರಕ್ಕೊಮ್ಮೆ ನೀಲವ್ವ ಬಸ್ಸಿನಲ್ಲಿ ಬಂದು, ಉಣಿಸಿ, ಸಂಜೆಯ ಬಸ್ಸಿಗೆ ವಾಪಸ್ಸು. ಜೈಲಿನಲ್ಲಿದ್ದಾಗಲೂ ಹೀಗೇ ಬಂದು ಹೋಗುತ್ತಿದ್ದಳು. (ಆಗ ನಡುವೆ ಕಬ್ಬಿಣದ ಜಾಲರಿ ಇತ್ತಂತೆ. ಈಗ ಅದಿಲ್ಲ, ಅಷ್ಟೇ ಫರಕು.)

ಅಂದಿನಿಂದ ಪೇಟೆಯ ಕೆಲಸವನ್ನೆಲ್ಲ ನಾನು ಶನಿವಾರಕ್ಕೇ ಇಟ್ಟುಕೊಂಡೆ. ಕುತೂಹಲವೇ? ಇರಬಹುದು. ಆದರೆ ಗಂಡನ ಎಲೆಯ ಮೇಲೆ ಪಲ್ಯ ಬಡಿಸುವಾಗ ಅವಳ ಮುಖದಲ್ಲಿರುತ್ತಿದ್ದದ್ದನ್ನು ನಾನು ಮದುವೆ ಮನೆಗಳಲ್ಲೂ ಕಂಡಿಲ್ಲ.

ಒಂದು ಶನಿವಾರ ಅವಳು ನನ್ನನ್ನು ಪಕ್ಕಕ್ಕೆ ಕರೆದಳು. ಒಳಗಿದ್ದಾಗ ಪರಿಚಯವಾದವನೊಬ್ಬ ಬೈಕಿನಲ್ಲಿ ಬಂದು ಯಲ್ಲಪ್ಪನನ್ನು ಕರೆಯುತ್ತಿದ್ದಾನೆ. ಗೋವಾ ಕಡೆಯಿಂದ ಕದ್ದು ತರುವ ದಾರು ಬಾಟಲಿ ಸಾಗಿಸುವ ಕೆಲಸ. ಜೊತೆಗೆ ಇರಲು ಜಾಗವನ್ನೂ ಕೊಡುತ್ತಾನಂತೆ.

"ಖೋಲಿ ಐತಿ, ಪಂಖಾ ಐತಿ, ಹೇಣ್ತಿನ್ನ ಕರಕೊಂಡ ಬಾ ಅಂತಾನ್ರಿ. ಆ ಖೋಲಿಗೆ ನಾ ಬರಂಗಿಲ್ಲ ಅಂದೀನಿ. ಇಂವನೂ ಬ್ಯಾಡ ಅಂದಾನ. ಎಷ್ಟ ದಿನಾ ಬ್ಯಾಡ ಅಂತಾನ್ರಿ?" ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಮೆಲ್ಲಗೆ ಹೇಳಿದಳು, "ಖರೇ ಹೇಳ್ತೀನಿ ಅಕ್ಕಾ, ಸಂಜಿಗೆ ಬಸ್ ಹತ್ತೂಮುಂದ ನನಗೂ ಹೂಂ ಅನ್ನಬೇಕು ಅನಸ್ತೈತಿ."

ಸದಾಶಿವನಗರದ ಗೆಳತಿಯೊಬ್ಬಳ ಮನೆಯ ಹಿಂದೆ ಒಂದು ಖೋಲಿ ಖಾಲಿ ಇತ್ತು. ಫೋನ್ ಮಾಡಿದೆ.

"ಗಂಡಾ ಹೇಣ್ತಿ ಇಬ್ಬರ ಏನ? ಛಲೋ ಆತು, ಕಳಸು. ಏನ ಮಾಡ್ತಾನ?"

"ಪ್ಯಾಟ್ಯಾಗ ಹಮಾಲಿ."

"ಮೊದಲ?"

"ಜೈಲಿನ್ಯಾಗಿದ್ದ."

ಲೈನ್ ಕಟ್ ಆಯಿತೇನೋ ಅಂದುಕೊಂಡೆ. ಆಗಿರಲಿಲ್ಲ.

"ನಮ್ಮದೇನ ಇಲ್ಲ ನೋಡು," ಅಂದಳು ಗೆಳತಿ. "ಆದ್ರ ಬಾಜೂದವರು ಏನರೆ ಅಂತಾರ."

ಈ ಬಾಜೂದವರನ್ನು ಒಮ್ಮೆ ನೋಡಬೇಕಾಗಿದೆ ನನಗೆ. ಎಲ್ಲರ ಬಾಜೂಕ್ಕೂ ಅವರೇ ಇರುತ್ತಾರಲ್ಲ!

ನೀಲವ್ವ ನನ್ನನ್ನು ನಂಬಿ ಕೂರಲಿಲ್ಲ. ಊರಲ್ಲಿ ಯಾರೂ ಮಾಡದಿದ್ದ ಕೆಲಸ ಮಾಡಿದಳು. ಸೀದಾ ಪಾರವ್ವನ ಬಾಗಿಲಿಗೆ ಹೋದಳು.

ಪಾರವ್ವ ಕಟ್ಟೆಯ ಮೇಲೆ ಮೆಂತ್ಯದ ಸೊಪ್ಪು ಸೋಸುತ್ತಿದ್ದಳಂತೆ. ಇವಳು ಮೆಟ್ಟಿಲ ಕೆಳಗೇ ನಿಂತು ಕೇಳಿದಳು, "ಅಂವ ಮನಿಗೆ ಬರ್ಲೇನ ಪಾರಕ್ಕಾ?"

ಪಾರವ್ವ ಬೈಯಲಿಲ್ಲ. ಕೂಗಾಡಲಿಲ್ಲ. ಸೊಪ್ಪು ಸೋಸಿ ಮುಗಿಸಿದಳು. ಆಮೇಲೆ ತಲೆ ಎತ್ತಿದಳು.

"ನೀ ದಾರಿ ಕಾಯ್ದಿ, ನಿನ್ನ ಗಂಡ ಬಂದ. ನಾ ಯಾರ ದಾರಿ ಕಾಯ್ಲಿ?"

ಮುಂದಿನ ಶನಿವಾರ ಗೋದಾಮಿನಲ್ಲಿ ನೀಲವ್ವ ಇದನ್ನು ಹೇಳಿದಾಗ ನಾನೂ ಅಲ್ಲಿದ್ದೆ. ಯಲ್ಲಪ್ಪ ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟ. "ಊರಿನ ಮಾತ ಇನ್ನ ತಗೀಬ್ಯಾಡ" ಅಂದ. ಅಂದವನು ಹಲಸಿನ ಗಿಡದ ಬಗ್ಗೆ ಮತ್ತೆ ಕೇಳಲಿಲ್ಲ.

ಪಾರವ್ವನನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಆದರೆ ಇನ್ನೊಂದು ಮಾತೂ ಇದೆ. ಒಳಗಿದ್ದಾಗ ಯಲ್ಲಪ್ಪ ಜಮಖಾನೆ ನೇಯುವುದನ್ನು ಕಲಿತ, ಸಹಿ ಹಾಕುವುದನ್ನು ಕಲಿತ. ಬಿಡುಗಡೆಯ ದಿನ ಒಳ್ಳೆಯವನಾಗಿ ಬಾಳು ಎಂದು ಹಾರೈಸಿ ಕಳಿಸಿದರಂತೆ. ಎಲ್ಲಿ ಬಾಳು ಅಂತ ಮಾತ್ರ ಯಾರೂ ಹೇಳಲಿಲ್ಲ. ಆ ಜಾಗದ ಅಡ್ರೆಸ್ ಕೊಟ್ಟವನು ಬೈಕಿನವನೊಬ್ಬನೇ. ಜೈಲಿಗೆ ಹೋಗಿ ಬಂದವರು ಮತ್ತೆ ಯಾಕೆ ತಪ್ಪು ಮಾಡುತ್ತಾರೆ ಎಂದು ಸಭೆ ಸೇರಿಸಿ ಚರ್ಚಿಸುತ್ತೇವಲ್ಲ, ಇಂಥ ಒಂದು ಶನಿವಾರ ಪೇಟೆಗೆ ಬಂದಿದ್ದರೆ ಸಾಕಿತ್ತು.

ದಾರಿ ತೋರಿಸಿದವರು ಸಾವಕಾರರು. "ಮ್ಯಾಲಿನ ಖೋಲ್ಯಾಗ ಹಳೇ ತಕ್ಕಡಿ, ಹರಕ ಚೀಲ ಬಿದ್ದಾವ. ತಗದ ಹಾಕಿ ಇರ್ರಿ. ಆ ಬೈಕಿನಂವ ಮಾತ್ರ ನನ್ನ ಅಂಗಡಿ ಮುಂದ ನಿಂದ್ರಬಾರದು."

ನೀಲವ್ವ ಊರಿಂದ ಎರಡು ಚೀಲ ಮತ್ತು ಒಂದು ಒಲೆ ತಂದಳು. ಯಲ್ಲಪ್ಪ ಸುಣ್ಣ ಬಳಿದ. ಬೈಕಿನವನು ಒಮ್ಮೆ ಬಂದನಂತೆ. ಅವನಿಗೆ ಉತ್ತರ ಕೊಡಲು ಕೆಳಗಿಳಿದವಳು ನೀಲವ್ವ. ಆಮೇಲೆ ಅವನು ಬಂದಿಲ್ಲ.

ಮೊನ್ನೆ ಹೋದಾಗ ಖೋಲಿಯಲ್ಲಿ ಒಗ್ಗರಣೆಯ ವಾಸನೆ. ಯಲ್ಲಪ್ಪ ಕಿಟಕಿಯ ಬಳಿ ನಿಂತಿದ್ದ. ಅಲ್ಲಿಂದ ಕಾಣುವುದು ಎದುರಿನ ತಗಡಿನ ಛಾವಣಿ ಮಾತ್ರ.

"ಹೊತ್ತ ಮುಳಗೂದ ಕಾಣಂಗಿಲ್ಲ ಇಲ್ಲಿ," ಅಂದ. "ನಮ್ಮಲ್ಲೆ ಈ ಹೊತ್ತಿಗೆ ಎಮ್ಮಿ ಹೊಳ್ಳಿ ಬರ್ತಾವು."

ನೀಲವ್ವ ಒಲೆಯ ಮುಂದಿನಿಂದ ಎದ್ದು ಬಂದು ಅವನ ಪಕ್ಕದಲ್ಲಿ ನಿಂತಳು.

ಇಳಿದು ಬರುವಾಗ ಸಾವಕಾರರು ದನಿ ತಗ್ಗಿಸಿದರು. "ಓಣ್ಯಾಗ ಕೇಳಾಕ ಹತ್ತ್ಯಾರ ಅಕ್ಕಾರ, ಖೂನಿ ಮಾಡಿದಂವನ್ನ ಯಾಕ ಇಟ್ಕೊಂಡೀರಿ ಅಂತ."

ಊರಲ್ಲಿ ಬೇಡ, ಒಪ್ಪಿದೆ. ಸದಾಶಿವನಗರದಲ್ಲಿ ಬೇಡ. ಈಗ ಈ ಓಣಿಯಲ್ಲೂ ಬೇಡ. ಶಿಕ್ಷೆ ಮುಗಿಸಿ ಬಂದವನು ಇರಬೇಕಾದದ್ದಾದರೂ ಎಲ್ಲಿ, ಹೇಳ್ತೀರಾ?