ಮಾವನ ದನಿ ಇದ್ದ ಡಿಸ್ಕ್

ಲಿಂಗಸುಗೂರು, ಮಸ್ಕಿ ಕಡೆಯ ಆಸ್ಪತ್ರೆಗಳಲ್ಲಿ, ಧಾನ್ಯ ಮಾರುವ ಗಂಜಿನ ಆಫೀಸುಗಳಲ್ಲಿ ಇನ್ನೂ ಹಳೇ ಸರ್ವರುಗಳೇ ಓಡುತ್ತಿವೆ. ಅವಕ್ಕೆ ಹೊಂದುವ ಹಾರ್ಡ್ ಡಿಸ್ಕ್ ಹೊಸದು ಸಿಗುವುದಿಲ್ಲ. ದೊಡ್ಡ ಕಂಪನಿಗಳು ಬಿಚ್ಚಿ ಹಾಕಿದ್ದನ್ನೇ ಹೈದರಾಬಾದಿನವರು ಪರೀಕ್ಷೆ ಮಾಡಿ, ಸಿಂಧನೂರಿನ ನನ್ನ ಅಂಗಡಿಗೆ ಬಸ್ಸಿನಲ್ಲಿ ಕಳಿಸುತ್ತಾರೆ. “ಸಬ್ ಸಾಫ್ ಹೈ ಸಾಬ್”, ಎಲ್ಲ ಅಳಿಸಿದ್ದೇವೆ ಎನ್ನುತ್ತಾರೆ. ಅವರ ಮಾತು ನಂಬಿ ಕೂತಿದ್ದರೆ ನನ್ನ ಅಂಗಡಿಗೆ ಎಂದೋ ಬೀಗ ಬೀಳುತ್ತಿತ್ತು. ಅದಕ್ಕೇ ಪ್ರತಿಯೊಂದನ್ನೂ ನಾನೇ ಹಚ್ಚಿ ನೋಡಿ, ಪೂರ್ತಿ ಅಳಿಸಿ ಕೊಡುತ್ತೇನೆ.

ಹೋದ ಬೇಸಿಗೆ ಲಿಂಗಸುಗೂರಿನ ಒಂದು ಆಸ್ಪತ್ರೆಗೆಂದು ತರಿಸಿದ ಡಿಸ್ಕಿನ ತುಂಬ ರೆಕಾರ್ಡಿಂಗುಗಳಿದ್ದವು. ಯಾವುದೋ ಬೀಜದ ಕಂಪನಿಗೆ ರೈತರು ಮಾಡಿದ ಫೋನುಗಳು. ಡಿಸ್ಕ್ ಸರಿಯಾಗಿ ಓದುತ್ತದೋ ಇಲ್ಲವೋ ನೋಡೋಣವೆಂದು ಕೈಗೆ ಸಿಕ್ಕ ಒಂದನ್ನು ಒತ್ತಿದೆ.

“ಮುಕ್ಕುಂದದಿಂದ ಮಾತಾಡಾಕತ್ತೀನ್ರಿ. ನೆಲ್ಲು ಹಳದಿ ತಿರಗ್ಯಾದ.”

ಅದು ನನ್ನ ಸೋದರಮಾವನ ದನಿ. ಗಂಟಲಿನ ಕ್ಯಾನ್ಸರಿಗೆ ಆಪರೇಷನ್ ಆದ ಮೇಲೆ ಮಾವ ಒಂದು ಮಾತೂ ಆಡಿಲ್ಲ, ವರ್ಷಗಳೇ ಆದವು. ಮನುಷ್ಯ ಅಲ್ಲಿ ಮುಕ್ಕುಂದದ ಮನೆಯ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಾನೆ, ದನಿ ಇಲ್ಲಿ ನನ್ನ ಟೇಬಲ್ಲಿನ ಮೇಲೆ ತಿರುಗುತ್ತಿದೆ. ಸತ್ತವರ ದನಿಯಾಗಿದ್ದರೂ ನಾನು ಅಷ್ಟು ಹೆದರುತ್ತಿರಲಿಲ್ಲ.

ಕಂಪನಿಯ ಹುಡುಗಿ ಲೈನಿನಲ್ಲೇ ಇರಿ ಅಂದಳು. ಕಾಯುತ್ತ ಮಾವ ಮನೆಯೊಳಗಿದ್ದ ಅತ್ತೆಯನ್ನು ಕೂಗಿದ್ದ: “ಏ, ಕೇಳ್ತೇನು? ಒಂದ್ ತಂಬಿಗಿ ನೀರ್ ತಾ!”

ಇದನ್ನು ಕೇಳಿಸಿದರೆ ಮಾವ ಕುಗ್ಗಿಹೋದರೆ? ಕೇಳಿಸದೆ ಅಳಿಸಲಿಕ್ಕೂ ಕೈ ಬರಲಿಲ್ಲ. ದನಿ ಆತನದು, ಬೇಕೋ ಬೇಡವೋ ಆತನೇ ಹೇಳಲಿ. ಅದೊಂದನ್ನು ಮೊಬೈಲಿಗೆ ಹಾಕಿಕೊಂಡು, ಡಿಸ್ಕ್ ಅಳಿಸಿ ಲಿಂಗಸುಗೂರಿಗೆ ಕಳಿಸಿ, ಮಧ್ಯಾಹ್ನ ಮುಕ್ಕುಂದಕ್ಕೆ ಹೋದೆ.

ಕಟ್ಟೆಯ ಮೇಲೆ ಮಾವನ ಪಕ್ಕ ಕೂತು ರೆಕಾರ್ಡಿಂಗ್ ಹಚ್ಚಿದೆ. ಮಾವ ನನ್ನ ಮೊಣಕೈ ಹಿಡಿದುಕೊಂಡ. ಒಂದೊಂದು ಮಾತಿಗೂ ಅವನ ತುಟಿ ತಪ್ಪದೆ ಅಲ್ಲಾಡುತ್ತಿತ್ತು, ದನಿ ಮಾತ್ರ ನನ್ನ ಕೈಯಿಂದ ಬರುತ್ತಿತ್ತು. ನೀರು ಕೇಳುವ ಮಾತು ಬಂತು.

“ಬಂದೆ, ತಡೀರಿ!” ಒಳಗಿಂದ ಅತ್ತೆ ಓಗೊಟ್ಟಳು.

ಆಮೇಲೆ ಒಳಗೆ ಪಾತ್ರೆಯ ಸಪ್ಪಳವೇ ನಿಂತುಹೋಯಿತು. ಅತ್ತೆ ಹೊಸ್ತಿಲಿಗೆ ಬಂದು ಮಾವನ ಗಂಟಲನ್ನೇ ನೋಡಿದಳು.

“ಯಾರಪ್ಪಾ ಕರದದ್ದು?”

“ಫೋನಿನಾಗಿಂದು ಅತ್ತಿ. ಮಾವನ ಹಳೇ ಮಾತು, ಒಂದು ಡಿಸ್ಕಿನಾಗ ಸಿಕ್ತು.”

ಅವಳು ಒಳಗೆ ಹೋದಳು. ನನಗೆ ಯಾಕಾದರೂ ತಂದೆನೋ ಅನ್ನಿಸಿ ಫೋನು ಜೇಬಿಗೆ ಹಾಕಿದೆ. ಮಾವ ಜೇಬಿಗೇ ಕೈ ಹಾಕಿ ತೆಗೆದುಕೊಂಡ, ಮತ್ತೆ ಹಚ್ಚು ಎಂದು ಸನ್ನೆ ಮಾಡಿದ.

“ಬ್ಯಾಡ ಮಾವ, ಅತ್ತಿ ಅಂಜ್ಯಾಳ.”

ಮಾವ ಕೇಳಲಿಲ್ಲ. ನಾನು ಹಚ್ಚಿದೆ. ಮಾವ ಫೋನನ್ನು ಬಾಗಿಲಿನ ಕಡೆ ಚಾಚಿ ಹಿಡಿದ. ದನಿ ಮತ್ತೆ ನೀರು ಕೇಳಿತು.

“ಬಂದೆ ರೀ” ಅಂದಳು ಅತ್ತೆ, ಈ ಸಲ ಮೆಲ್ಲಗೆ. ತಂಬಿಗೆ ತುಂಬ ನೀರು ತಂದು ಮಾವನ ಮುಂದೆ ಇಟ್ಟಳು.