ಹತ್ತಿಯಿಲ್ಲದ ತೋಳು

ಪುಟ್ಟಿ, ಕೂಸೇ, ನನ್ನ ಮೊಮ್ಮಕ್ಕಳೇ, ನಾಲ್ಕು ಜನರ ಮುಂದೆ ಬಾಯಿ ತೆರೆಯದ ಅಜ್ಜಿ ನಾನು. ಆದರೆ ಇದನ್ನು ಹೇಳದೆ ಬಿಡುವುದಿಲ್ಲ.

ನಿಮ್ಮ ತಾತ ತೀರಿದ ಮೇಲೆ ನನಗೆ ಖಿನ್ನತೆ ಬಂತು. ಚೆಂಡುಹೂ ಕೀಳಲು ಹೋದರೆ ಹೊಲದ ಬದುವಿನಲ್ಲೇ ಕುಳಿತುಬಿಡುತ್ತಿದ್ದೆ. ಗುಂಡ್ಲುಪೇಟೆಯ ಡಾಕ್ಟರು ಕೊಟ್ಟ ಮೊದಲ ಮಾತ್ರೆ ಹಿಡಿಯಲಿಲ್ಲ. ಅಷ್ಟೇ ಸಾಕಾಯಿತು ನಿಮ್ಮ ದೊಡ್ಡಜ್ಜಿಗೆ, ಅಂದರೆ ನನ್ನ ಓರಗಿತ್ತಿಗೆ. ಹೂ ಕೀಳುವ ಹೆಂಗಸರೆಲ್ಲರ ಮುಂದೆ ಅಂದಳು:

“ಕಾಯ್ಲೆ ಆಗಿದ್ರೆ ಮಾತ್ರೆಗೆ ಓಗ್ದೆ ಇದ್ದದಾ? ಗೇಯೋಕಾಗ್ದೆ ನಾಟ್ಕ ಆಡ್ತಾವ್ಳೆ.”

ನಕ್ಕವರ ಮುಖ ಒಂದೊಂದೂ ನೆನಪಿದೆ.

ಮಾತ್ರೆ ಬದಲಾಯಿಸಿದ ಮೇಲೆ ಚೇತರಿಸಿಕೊಂಡೆ. ಆಗ ಚಾಮರಾಜನಗರದ ಒಂದು ಆಸ್ಪತ್ರೆಯಲ್ಲಿ ಸಂಶೋಧನೆ ನಡೆಯುತ್ತಿತ್ತು. ಒಬ್ಬರಿಗೆ ಹಿಡಿಯುವ ಮಾತ್ರೆ ಇನ್ನೊಬ್ಬರಿಗೆ ಯಾಕೆ ಹಿಡಿಯುವುದಿಲ್ಲ, ರಕ್ತ ನೋಡಿ ಅದನ್ನು ಮೊದಲೇ ತಿಳಿಯಬಹುದೇ ಎಂದು ಹುಡುಕುತ್ತಿದ್ದರು. ರಕ್ತ ಕೊಡಲು ಒಪ್ಪಿದೆ. ಮಾತ್ರೆ ಹಿಡಿಯದ್ದಕ್ಕೆ ನನ್ನ ರಕ್ತವೇ ಕಾರಣ ಎಂಬ ರಿಪೋರ್ಟು ತಂದು ಓರಗಿತ್ತಿಯ ಮುಖಕ್ಕೆ ಹಿಡಿಯಬೇಕು ಎಂಬ ಆಸೆಯಿತ್ತು. ಅಲ್ಲಿನ ಡಾಕ್ಟರಮ್ಮ ಮಾತ್ರ, ಅಂಥ ರಿಪೋರ್ಟು ಕೊಡುವಷ್ಟು ಇನ್ನೂ ತಿಳಿದಿಲ್ಲ, ಬಹಳ ಜನರ ರಕ್ತ ಹೋಲಿಸಬೇಕು ಎಂದರು. ಅದಕ್ಕೆ ಖಿನ್ನತೆ ಇಲ್ಲದವರ ರಕ್ತವೂ ಬೇಕು, ಯಾರಾದರೂ ಇದ್ದರೆ ಕರೆತನ್ನಿ ಎಂದರು.

ಓರಗಿತ್ತಿಯ ತೋಳಿಗೂ ಸೂಜಿ ಚುಚ್ಚಲಿ ಎನಿಸಿತು. ನಿನ್ನಷ್ಟು ಗಟ್ಟಿಮುಟ್ಟಾದವರು ಊರಲ್ಲಿಲ್ಲ ಎಂದು ಉಬ್ಬಿಸಿದೆ. ಬೇಗೂರಿನಲ್ಲಿ ಬಸ್ಸು ಹತ್ತಿದಾಗಿನಿಂದ, ದೊಡ್ಡಾಸ್ಪತ್ರೆಗೆ ತನ್ನ ರಕ್ತವೇ ಬೇಕಂತೆ ಎಂದು ಪಕ್ಕದವರಿಗೆಲ್ಲ ಹೇಳಿಕೊಂಡು ಬಂದಳು.

ರಕ್ತ ತೆಗೆಯುವ ಮೊದಲು ಒಬ್ಬೊಬ್ಬರನ್ನೇ ಒಳಗೆ ಕೂರಿಸಿ ಕೇಳುತ್ತಾರೆ: ನಿದ್ದೆ ಬರುತ್ತದೆಯೇ, ಊಟ ರುಚಿಸುತ್ತದೆಯೇ, ಬದುಕು ಸಾಕೆನಿಸಿದೆಯೇ. ನನ್ನದು ಮುಗಿಸಿ, ತೋಳಿಗೆ ಹತ್ತಿ ಒತ್ತಿಕೊಂಡು ಹೊರಗೆ ಕಾದೆ. ಅವಳು ಬಹಳ ಹೊತ್ತಿನ ಮೇಲೆ ಬಂದಳು. ಕಣ್ಣು ಕೆಂಪಾಗಿತ್ತು. ತೋಳಿನಲ್ಲಿ ಹತ್ತಿ ಇರಲಿಲ್ಲ.

“ನಂದು ಬ್ಯಾಡ್ವಂತೆ ಕಣಮ್ಮಿ. ನಂಗೂ ನಿನ್ ಕಾಯ್ಲೆನೇ ಇರ್ಬೌದಂತೆ, ಪಕ್ಕದ್ ರೂಮ್ಗೆ ಓಗಿ ತೋರ್ಸ್ಕಳಿ ಅಂದ್ರು. ಊರಲ್ ಯಾರ್ಗೂ ಏಳ್ಬ್ಯಾಡ.”

“ಗೇಯೋಕಾಗ್ದೆ ನಾಟ್ಕ ಆಡ್ಬ್ಯಾಡ ಕಣಕ್ಕ,” ಅಂದೆ.

ನಾನು ಅವಳಿಗೆ ಎದುರು ಮಾತಾಡಿದ್ದು ಅದೊಂದೇ ಸಲ. ಅವಳು ತಲೆ ತಗ್ಗಿಸಿದಳು. ನನ್ನ ಹೊಟ್ಟೆ ತಣ್ಣಗಾಯಿತು. ಆ ಮಾತನ್ನು ಇವತ್ತಿಗೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಆಮೇಲೆ ಪಕ್ಕದ ರೂಮಿಗೆ ನಾನೇ ಕೈ ಹಿಡಿದು ಕರೆದೊಯ್ದೆ. ಇದು ಕಾಯಿಲೆ ಎಂದು ಅವಳ ಬಾಯಿಂದಲೇ ಕೇಳಬೇಕಿತ್ತು. ಅಲ್ಲಿ ಅವಳು ಹೇಳಿದಳು, ಕೇಳಿದೆ.

ನನಗೆ ಹಿಡಿಯದ ಆ ಮೊದಲ ಮಾತ್ರೆಯೇ ಅವಳಿಗೆ ಹಿಡಿಯಿತು. ಅದಕ್ಕೂ ನನಗೆ ಹೊಟ್ಟೆಯುರಿ.

ಊರಲ್ಲಿ ಯಾರಿಗೂ ಹೇಳಲಿಲ್ಲ, ನಿಮಗೆ ಬರೆದಿದ್ದೇನೆ. ಮಾತ್ರೆ ಹಿಡಿಯದಿದ್ದರೆ ಕಾಯಿಲೆಯೇ ಅಲ್ಲ ಎಂದು ಯಾರಾದರೂ ನಿಮ್ಮನ್ನು ನೋಡಿ ನಕ್ಕರೆ ಇದನ್ನು ಓದಿ ಹೇಳಿ. ಅಲ್ಲಿಯವರೆಗೆ ಈ ಹಾಳೆಗಳನ್ನು ಗೆದ್ದಲು ಮುಟ್ಟದ ಕಡೆ ಜೋಪಾನವಾಗಿಡಿ. ದೊಡ್ಡಜ್ಜಿಯ ಮೊಮ್ಮಕ್ಕಳ ಕೈಗೆ ಸಿಕ್ಕರೂ ಚಿಂತೆಯಿಲ್ಲ.