ಗಿರಣಿಯವರು ಪಕ್ಕಕ್ಕೆ ಸರಿದ ಫೋಟೊ

ನಮ್ಮಕ್ಕನದೊಂದು ಸ್ಟುಡಿಯೊ ಇದೆ. ಹತ್ತಡಿ ಅಗಲದ ಕೋಣೆ, ಒಂದು ಸ್ಟೂಲು, ನೀಲಿ ಪರದೆ, ದಾರದಲ್ಲಿ ಬಾಚಣಿಗೆ ತೂಗುಬಿಟ್ಟ ಕನ್ನಡಿ. ವಾರವಿಡೀ ಅಲ್ಲಿ ಪಾಸ್‌ಪೋರ್ಟ್ ಅಳತೆಯ ಮುಖಗಳನ್ನು ತೆಗೆಯುತ್ತಾಳೆ. ಗಲ್ಲ ಎತ್ತಿ, ಕಣ್ಣು ಮುಚ್ಚಬೇಡಿ, ಕಿವಿ ಕಾಣಲಿ ಎಂದು ಹೇಳಿ ಹೇಳಿ ಅವಳಿಗೆ ಮನುಷ್ಯರ ಮುಖವೆಂದರೆ ಸಾಕುಸಾಕಾಗಿದೆ. ಅದಕ್ಕೇ ಭಾನುವಾರ ಬಂತೆಂದರೆ ಕ್ಯಾಮೆರಾ ಹೆಗಲಿಗೇರಿಸಿ ಹೊಲಗಳ ಕಡೆ ಹೊರಡುತ್ತಾಳೆ. ಸ್ಕೂಟರ್ ಓಡಿಸುವವಳು ನಾನು. ತಂಗಿಯಾಗಿ ಹುಟ್ಟಿದ ತಪ್ಪಿಗೆ ಅಷ್ಟಾದರೂ ಮಾಡಬೇಕಲ್ಲ.

ನಾವು ಚಿಕ್ಕವರಿದ್ದಾಗ ಜೋಳ ತೂಗುತ್ತಿದ್ದ ನೆಲದಲ್ಲಿ ಈಗ ಸೋಲಾರ್ ಫಲಕಗಳು, ಗೋದಾಮುಗಳು, ತಂತಿಬೇಲಿ. ನಡುನಡುವೆ ಸೂರು ಕುಸಿದ ಹಾಲಿನ ಡೇರಿ, ಬೀಗ ತುಕ್ಕು ಹಿಡಿದ ಬೀಜದ ಉಗ್ರಾಣ, ಮೋಟಾರು ಕಿತ್ತೊಯ್ದ ಪಂಪುಮನೆ. ಇವೆಲ್ಲ ಹೋಗುವ ಮೊದಲು ಫೋಟೊದಲ್ಲಾದರೂ ಉಳಿಯಲಿ ಎಂಬುದು ಅಕ್ಕನ ಆಸೆ. ಒಳ್ಳೆಯ ಆಸೆಯೇ. ಆದರೆ ಆ ಫೋಟೊಗಳಲ್ಲಿ ಒಂದು ನರಪಿಳ್ಳೆಯೂ ಇರಕೂಡದು. ದಾರಿಹೋಕರು ದಾಟಲಿ ಎಂದು ಬಿಸಿಲಲ್ಲಿ ಅರ್ಧ ಗಂಟೆ ಕಾದದ್ದೂ ಉಂಟು. ಬೆವರು ಒರೆಸಿಕೊಂಡು ಬೈದುಕೊಂಡವಳು ನಾನು.

ಹಾಗೆ ಒಂದು ಭಾನುವಾರ ಹಿಟ್ಟಿನ ಗಿರಣಿಯೊಂದು ಸಿಕ್ಕಿತು. ಒಂದು ಗೋಡೆ ವಾಲಿತ್ತು, ಹೆಂಚಿನ ಮೇಲೆ ಗಿಡ ಬೆಳೆದಿತ್ತು. ಅಕ್ಕನಿಗೆ ಇನ್ನೇನು ಬೇಕು? ಬಾಗಿಲಲ್ಲಿ ಗಿರಣಿಯವರು ನಿಂತಿದ್ದರು, ಹುಬ್ಬಿನವರೆಗೂ ಹಿಟ್ಟು. ವಾರಕ್ಕೆರಡು ದಿನ ಇನ್ನೂ ಬೀಸುತ್ತೇನೆ, ಹದಿನೈದಿಪ್ಪತ್ತು ಮನೆಯವರು ಬರುತ್ತಾರೆ ಎಂದರು.

"ಯಜಮಾನ್ರೇ, ಸ್ವಲ್ಪ ಪಕ್ಕಕ್ಕೆ ಸರೀತೀರಾ?" ಎಂದಳು ಅಕ್ಕ.

ಪಾಪ, ಸರಿದರು. ಸೈಕಲ್ಲನ್ನೂ ತೆಗೆದರು, ಹೇಳದೆಯೇ ಎರಡು ಚೀಲಗಳನ್ನು ಹಿಂದಕ್ಕೆ ಹೊತ್ತೊಯ್ದರು, ಬಾಗಿಲೂ ಹಾಕಿಕೊಂಡರು. ಅವರೂ ಇರಲಿ ಬಿಡೆ, ಚೆನ್ನಾಗಿ ಕಾಣುತ್ತಾರೆ ಎಂದು ನಾನಂದದ್ದನ್ನು ಅಕ್ಕ ಕಿವಿಗೇ ಹಾಕಿಕೊಳ್ಳಲಿಲ್ಲ. 'ಪಾಳು ಗಿರಣಿ' ಎಂಬ ಹೆಸರಿನಲ್ಲಿ ಆ ಫೋಟೊ ಪ್ರದರ್ಶನಕ್ಕೆ ಹೋಯಿತು, ಮೊದಲ ಬಹುಮಾನ ಬಂತು, ಪತ್ರಿಕೆಯಲ್ಲೂ ಅಚ್ಚಾಯಿತು. ಅಕ್ಕನ ಕಾಲು ನೆಲದ ಮೇಲಿರಲಿಲ್ಲ.

ಐದು ತಿಂಗಳ ಮೇಲೆ ಗಿರಣಿಯವರು ಸ್ಟುಡಿಯೊಗೆ ಬಂದು, ಫೋಟೊ ತೆಗೆಸಲು ಬಂದವರ ಹಾಗೆ ಸ್ಟೂಲಿನ ಮೇಲೆ ಕೂತರು. ಕೈಯಲ್ಲಿ ಭೂಮಿ ಕಚೇರಿಯ ನೋಟೀಸು. ಗಿರಣಿ ಇದ್ದದ್ದು ಸರ್ಕಾರದ ಗುತ್ತಿಗೆ ಜಾಗದಲ್ಲಿ. ಬಳಕೆ ನಿಂತರೆ ಗುತ್ತಿಗೆ ರದ್ದು. ಹದಿನೈದು ದಿನದಲ್ಲಿ ಕೆಡವುತ್ತಾರಂತೆ. ಬಳಕೆ ನಿಂತಿದೆ ಎನ್ನುವುದಕ್ಕೆ ಪುರಾವೆಯಾಗಿ ಲಗತ್ತಿಸಿದ್ದು ಅಕ್ಕನ ಫೋಟೊ.

"ಅವತ್ತು ನೀವು ಸರೀರಿ ಅಂದ್ರಿ, ಸರಿದೆ. ಎರಡು ನಿಮಿಷದ ಮಾತು ಅಂದ್ಕೊಂಡಿದ್ದೆ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೇ ವಾಸಿಯಿತ್ತು ಅನಿಸಿತು ನನಗೆ.

ಅಕ್ಕನ ಮುಖ ಸಣ್ಣದಾಯಿತು. ಕಂಪ್ಯೂಟರಿನಲ್ಲಿ ಹುಡುಕಿದಳು. ಬಹುಮಾನದ ಫೋಟೊಗಿಂತ ನಾಲ್ಕು ನಿಮಿಷ ಮೊದಲು, ಬೆಳಕು ನೋಡಲೆಂದು ಒತ್ತಿದ್ದ ಇನ್ನೊಂದು ಸಿಕ್ಕಿತು: ತೆರೆದ ಬಾಗಿಲು, ಚೀಲ, ಸೈಕಲ್ಲು, ಬಿಳಿ ಹುಬ್ಬಿನ ಗಿರಣಿಯವರು. ಅದನ್ನು ಅಚ್ಚು ಹಾಕಿಸಿಕೊಂಡು ಮೂವರೂ ಭೂಮಿ ಕಚೇರಿಗೆ ಹೋದೆವು.

ಅಧಿಕಾರಿ ಎರಡನ್ನೂ ಪಕ್ಕಪಕ್ಕ ಇಟ್ಟು, ಇದರಲ್ಲಿ ಯಾವುದು ನಿಜ ಎಂದು ಕೇಳಿದರು. ಬಹುಮಾನ ವಾಪಸು ಹೋಗಬಹುದು, ಊರೆಲ್ಲ ಆಡಿಕೊಳ್ಳಬಹುದು ಎಂದು ನಾನು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ. ಅಕ್ಕ ಮೀನಮೇಷ ಎಣಿಸಲಿಲ್ಲ.

"ಗಿರಣಿ ಖಾಲಿ ಇರ್ಲಿಲ್ಲ ಸರ್. ಖಾಲಿ ಮಾಡಿಸಿದ್ದು ನಾನು."

ಅದನ್ನೇ ಕಾಗದದಲ್ಲಿ ಬರೆದು ಸಹಿ ಹಾಕಿದಳು. ನನ್ನಕ್ಕನ ಬಗ್ಗೆ ನನಗೆ ಅಷ್ಟು ಹೆಮ್ಮೆ ಆ ಬಹುಮಾನದ ದಿನವೂ ಆಗಿರಲಿಲ್ಲ. ಅಧಿಕಾರಿ ಕೆಡವುವ ಪಟ್ಟಿಯಲ್ಲಿ ಗಿರಣಿಯ ಹೆಸರಿನ ಮೇಲೆ ಗೆರೆ ಎಳೆದರು. ಗಿರಣಿಯವರು ಕೈಮುಗಿದು, ಬೀಸಲು ಬಂದವರು ಕಾಯುತ್ತಿರುತ್ತಾರೆ ಎಂದು ಸರಸರ ಹೊರಟೇಬಿಟ್ಟರು. ಗೆದ್ದೆವು ಎಂದುಕೊಂಡು ನಾನೂ ಎದ್ದೆ.

ಅಕ್ಕ ಏಳಲಿಲ್ಲ. ತೆರೆದಿದ್ದ ಕಡತದಲ್ಲಿ ಅವಳವೇ, ಅದೇ ಪ್ರದರ್ಶನಕ್ಕೆ ಹೋಗಿದ್ದ ಇನ್ನೂ ನಾಲ್ಕು ಫೋಟೊಗಳಿದ್ದವು. ಇವುಗಳ ಕತೆ ಏನು ಎಂದು ಕೇಳಿದಳು. ಅವನ್ನೆಲ್ಲ ಹೋದ ತಿಂಗಳೇ ಕೆಡವಿ ಆಯಿತಲ್ಲ ಎಂದರು ಅಧಿಕಾರಿ.

ಒಂದು ಹಳೆಯ ಕೊಟ್ಟಿಗೆಯ ಫೋಟೊವನ್ನು ಅಕ್ಕ ಎಳೆದುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಇಲ್ಲೊಬ್ಬಳು ಕರು ಕಟ್ತಿದ್ಲು ಕಣೆ. ಅವಳಿಗೆ ನಾನು ಪಕ್ಕಕ್ಕೆ ಸರಿ ಅಂತ ಹೇಳ್ಲೂ ಇಲ್ಲ. ಕ್ಯಾಮೆರಾ ನೋಡಿ ತಾನೇ ಸರಿದ್ಲು."